ಪರವಾನಗಿ ಬಂದೂಕು: ಆಯ್ಕೆ, ವೆಚ್ಚ ಮತ್ತು ಮಾರ್ಪಾಡಿನ ಮಿತಿ

ಶಿಡ್ಲಘಟ್ಟದ ರೇಷ್ಮೆಗೂಡು ವಹಿವಾಟು, ಚಿಂತಾಮಣಿಯ ಟೊಮೆಟೊ ಮಂಡಿ, ಚಿಕ್ಕಬಳ್ಳಾಪುರದ ಹೂವು ಹಣ್ಣಿನ ವ್ಯಾಪಾರ, ಗೌರಿಬಿದನೂರಿನ ಸಣ್ಣ ಕೈಗಾರಿಕೆಗಳು ಇವೆಲ್ಲವೂ ನಸುಕಿನಲ್ಲೋ ತಡರಾತ್ರಿಯಲ್ಲೋ ಸರಕು ಮತ್ತು ಹಣದ ಸಾಗಾಟವನ್ನು ಬೇಡುವ ಉದ್ಯಮಗಳು. ಈ ಕಾರಣದಿಂದ ಆತ್ಮರಕ್ಷಣೆಗಾಗಿ ಬಂದೂಕು ಹೊಂದುವ ವಿಚಾರ ವರ್ತಕರಲ್ಲಿ ಆಗಾಗ್ಗೆ ಪ್ರಸ್ತಾಪವಾಗುವುದು ಸಹಜ. ಆದರೆ ಯಾವ ಆಯುಧ ಕೈಗೆಟಕುವ ಬೆಲೆಯದು, ಅದನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಎಷ್ಟರ ಮಟ್ಟಿಗೆ ಮಾರ್ಪಡಿಸಬಹುದು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಅಂಗಡಿಯಲ್ಲಿ ದೊರೆಯುವುದಿಲ್ಲ. ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿಯೂ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿಯೂ ಇದೆ. ಅವುಗಳನ್ನು ಅರಿಯದೆ ಮುಂದಡಿಯಿಟ್ಟರೆ ರಕ್ಷಣೆಗೆಂದು ಕೊಂಡ ವಸ್ತುವೇ ಕಾರಾಗೃಹದ ದಾರಿಯಾದೀತು.

ಮೊದಲು ಪರವಾನಗಿ, ಬಳಿಕ ಬಂದೂಕು

ಪರವಾನಗಿ ನೀಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳದು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ ನಂತರ ಈ ನಾಲ್ಕೂ ತಾಲ್ಲೂಕುಗಳ ಅರ್ಜಿದಾರರಿಗೆ ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಗಳ ಕಚೇರಿಯೇ ಸಂಬಂಧಪಟ್ಟ ಕಚೇರಿ. ಹಿಂದೆ ಕೋಲಾರದಲ್ಲಿ ಪಡೆದ ಹಳೆಯ ಪರವಾನಗಿಯುಳ್ಳ ಕುಟುಂಬಗಳು ತಮ್ಮ ದಾಖಲೆ ರಾಷ್ಟ್ರೀಯ ಶಸ್ತ್ರ ಪರವಾನಗಿ ದತ್ತಾಂಶದಲ್ಲಿ ಸೇರಿದೆಯೇ, ವಿಶಿಷ್ಟ ಗುರುತಿನ ಸಂಖ್ಯೆ ದೊರೆತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಅರ್ಜಿಯ ಮೇಲೆ ಪೊಲೀಸ್ ವರದಿಯನ್ನು ಕೇಳಲಾಗುತ್ತದೆ. 2019ರ ತಿದ್ದುಪಡಿಯ ಪ್ರಕಾರ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಪಿತ್ರಾರ್ಜಿತವಾಗಿ ಬಂದ ಕೋವಿಯೂ ಈ ಎರಡರ ಲೆಕ್ಕದಲ್ಲಿಯೇ ಸೇರುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕಂಡು ಇಲ್ಲಿಯೂ ಹಾಗೆಯೇ ಎಂದು ಭಾವಿಸುವವರುಂಟು. ಅದು ಆ ಜಿಲ್ಲೆಯ ಇತಿಹಾಸಕ್ಕೆ ಸಂಬಂಧಿಸಿದ ವಿಶೇಷ ಅಧಿಸೂಚನೆಯ ಫಲ. ಬಯಲುಸೀಮೆಯ ಈ ತಾಲ್ಲೂಕುಗಳಿಗೆ ಅದು ಅನ್ವಯಿಸದು.

ರೈಫಲೋ, ತೋಟಾ ಕೋವಿಯೋ?

ಕಾಯ್ದೆಯ 13ನೇ ಕಲಮು ಎರಡು ಬಗೆಯ ಆಯುಧಗಳನ್ನು ಬೇರೆಬೇರೆಯಾಗಿ ಕಾಣುತ್ತದೆ. ನಳಿಗೆಯ ಒಳಮೈ ನುಣುಪಾಗಿದ್ದು ಕನಿಷ್ಠ 20 ಅಂಗುಲ ಉದ್ದವಿರುವ ಕೋವಿಯನ್ನು ಭಾರತೀಯ ನಾಗರಿಕರು ರಕ್ಷಣೆಗಾಗಿ ಅಥವಾ ಕ್ರೀಡೆಗಾಗಿ ಕೇಳಿದರೆ, ನಿರಾಕರಣೆಗೆ ಕಾನೂನಿನಲ್ಲಿ ಹೇಳಿರುವ ಕಾರಣಗಳಿಲ್ಲದಿದ್ದ ಪಕ್ಷದಲ್ಲಿ, ಪರವಾನಗಿ ನೀಡತಕ್ಕದ್ದು. ನಿಜವಾದ ಬೆಳೆ ರಕ್ಷಣೆಗೆ ಕೇಳುವ, ಮೂತಿಯಿಂದ ಮದ್ದು ತುಂಬುವ ನಾಡಕೋವಿಗೂ ಇದೇ ನಿಯಮ. ರೈಫಲ್, ರಿವಾಲ್ವರ್ ಮತ್ತು ಪಿಸ್ತೂಲುಗಳಿಗಾದರೋ ಅರ್ಜಿದಾರರಿಗೆ ಸಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ರೈಫಲ್ ಸಂಘದ ಸದಸ್ಯರು ಗುರಿ ಅಭ್ಯಾಸಕ್ಕೆ ಕೇಳುವ .22 ರೈಫಲ್ ಮಾತ್ರ ಇದಕ್ಕೆ ಹೊರತು. ಆದ್ದರಿಂದ ವರ್ತಕರಿಗೆ ಸುಲಭವಾಗಿ ದೊರೆಯುವುದು ಜೋಡಿ ನಳಿಗೆಯ ಅಥವಾ ಒಂಟಿ ನಳಿಗೆಯ 12 ಬೋರ್ ತೋಟಾ ಕೋವಿಯೇ.

ರೈಫಲ್ ಬೇಕೇಬೇಕೆಂಬವರಿಗೆ ದೇಶೀಯವಾಗಿ ಹೆಚ್ಚು ಪರಿಚಿತವಾದುದು .315 ಕ್ರೀಡಾ ರೈಫಲ್. ಸೇನೆಯಲ್ಲಿದ್ದ .303 ತೋಟಾವನ್ನು ಜನಸಾಮಾನ್ಯರಿಗೆ ನಿಷೇಧಿಸಿದ್ದ ಕಾಲದಲ್ಲಿ, ಅದೇ ಲೀ-ಎನ್‌ಫೀಲ್ಡ್ ಯಂತ್ರರಚನೆಯನ್ನು ಬೇರೊಂದು ತೋಟಾಕ್ಕೆ ಹೊಂದಿಸಿ ಈ ರೈಫಲನ್ನು ರೂಪಿಸಲಾಯಿತು. ಪಶ್ಚಿಮ ಬಂಗಾಳದ ಇಚ್ಛಾಪುರ ಕಾರ್ಖಾನೆಯ ಹೆಸರು ಇದರೊಡನೆ ಬೆಸೆದುಕೊಂಡಿದೆ. ಸರ್ಕಾರಿ ಆಯುಧ ಕಾರ್ಖಾನೆಗಳ ಮಂಡಳಿಯು 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ವಿಂಗಡಣೆಯಾದ ಮೇಲೆ ಇಚ್ಛಾಪುರ, ಕಾನ್ಪುರ, ತಿರುಚಿರಾಪಳ್ಳಿಗಳ ಬಂದೂಕು ಘಟಕಗಳು ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಕಂಪನಿಯ ಅಡಿಯಲ್ಲಿವೆ.

ಬೆಲೆಯೊಂದನ್ನೇ ನೋಡಿ ತೀರ್ಮಾನಿಸುವುದು ಸರಿಯಲ್ಲ. ರೈಫಲಿನ ಗುಂಡು ಒಂದು ಕಿಲೋಮೀಟರಿಗೂ ಮೀರಿ ಸಾಗಿ ಪ್ರಾಣ ತೆಗೆಯಬಲ್ಲದು. ಮನೆಗಳು ಒತ್ತೊತ್ತಾಗಿರುವ ಪೇಟೆಯಲ್ಲಿ, ಗೋದಾಮಿನ ತಗಡಿನ ಗೋಡೆಯಾಚೆ ಕೂಲಿಗಾರರು ಮಲಗಿರುವ ಜಾಗದಲ್ಲಿ ಇದು ರಕ್ಷಣೆಗಿಂತ ಅಪಾಯಕ್ಕೇ ಹೆಚ್ಚು ಸಮೀಪ. ತೋಟಾ ಕೋವಿಯ ಸಣ್ಣ ಗುಂಡುಗಳು ಬೇಗ ಬಲಗುಂದುತ್ತವೆ. ಇದಲ್ಲದೆ ತೆರಿಗೆ, ಪರವಾನಗಿ ಶುಲ್ಕ, ತೋಟಾಗಳು, ಬೀಗವುಳ್ಳ ಉಕ್ಕಿನ ಪೆಟ್ಟಿಗೆ, ತರಬೇತಿ ಇವೆಲ್ಲ ಸೇರಿದ ಮೊತ್ತವೇ ನಿಜವಾದ ಬೆಲೆ.

ಹಳೆಯ ಬಂದೂಕನ್ನು ಕೊಳ್ಳುವುದು ಖರ್ಚು ತಗ್ಗಿಸುವ ನ್ಯಾಯಬದ್ಧ ಮಾರ್ಗ. ಆದರೆ ಕೊಳ್ಳುವವರಲ್ಲಿ ಅದೇ ಬಗೆಯ ಆಯುಧಕ್ಕೆ ಪರವಾನಗಿ ಇರಬೇಕು. ಮಾರುವವರು ಜಿಲ್ಲಾ ದಂಡಾಧಿಕಾರಿಗಳಿಗೋ ಹತ್ತಿರದ ಪೊಲೀಸ್ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಳೆದ ಮೇಲಷ್ಟೇ ಹಸ್ತಾಂತರ ಮಾಡಬಹುದು. ಬಂದೂಕಿನ ಮೇಲಿನ ಕ್ರಮಸಂಖ್ಯೆ ಪರವಾನಗಿಯಲ್ಲಿರುವುದಕ್ಕೆ ತಾಳೆಯಾಗದಿದ್ದರೆ, ಅಥವಾ ಅದನ್ನು ಉಜ್ಜಿ ಅಳಿಸಿದ್ದರೆ, ಎಷ್ಟು ಅಗ್ಗವಾದರೂ ಮುಟ್ಟಬಾರದು.

ಮಾರ್ಪಾಡು: ಗೆರೆ ಎಲ್ಲಿದೆ?

ಭುಜಕ್ಕೆ ರಬ್ಬರಿನ ಮೆತ್ತೆ, ಹೊರಲು ಪಟ್ಟಿ, ಮರದ ಹಿಡಿಗೆ ಎಣ್ಣೆ ಇಂಥವು ಆಯುಧದ ಸ್ವರೂಪವನ್ನು ಬದಲಿಸುವುದಿಲ್ಲ. ಲೋಹದ ಭಾಗಕ್ಕೆ ರಂಧ್ರ ಕೊರೆಯುವ, ಕುದುರೆ ಅಥವಾ ಬೋಲ್ಟನ್ನು ತಿದ್ದುವ ಕೆಲಸ ಬೇರೆಯೇ ಬಗೆಯದು. ಬಂದೂಕಿನ ತಯಾರಿಕೆಗಷ್ಟೇ ಅಲ್ಲ, ರಿಪೇರಿ, ಪರೀಕ್ಷೆ ಮತ್ತು ಪರಿವರ್ತನೆಗೂ 5ನೇ ಕಲಮಿನ ಅಡಿಯಲ್ಲಿ ಪರವಾನಗಿ ಬೇಕು. ಆದ್ದರಿಂದ ಇಂಥ ಕೆಲಸವನ್ನು ಪರವಾನಗಿಯುಳ್ಳ ಬಂದೂಕು ದುರಸ್ತಿಗಾರರಲ್ಲಿಯೇ ಮಾಡಿಸಬೇಕು.

ನಳಿಗೆಯನ್ನು ಕತ್ತರಿಸಿ ಗಿಡ್ಡಗೊಳಿಸುವುದನ್ನು, ಆಟಿಕೆ ಅಥವಾ ನಕಲಿ ಬಂದೂಕನ್ನು ಅಸಲಿಯಾಗಿಸುವುದನ್ನು 6ನೇ ಕಲಮು ಪರವಾನಗಿಯಿಲ್ಲದೆ ಮಾಡಗೊಡದು. ಒಂದು ವರ್ಗದ ಆಯುಧವನ್ನು ಮತ್ತೊಂದು ವರ್ಗಕ್ಕೆ ಪರಿವರ್ತಿಸುವುದನ್ನೂ 2019ರಲ್ಲಿ ಇದಕ್ಕೆ ಸೇರಿಸಲಾಗಿದೆ. ಸದ್ದಡಗಿಸುವ ಉಪಕರಣವಂತೂ ಕಾಯ್ದೆಯ ವ್ಯಾಖ್ಯೆಯಲ್ಲಿ ತಾನೇ ಒಂದು ಬಂದೂಕು. ಈ ಕಲಮುಗಳ ಉಲ್ಲಂಘನೆಗೆ ಕನಿಷ್ಠ ಏಳು ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು.

ಲೇತ್ ಮತ್ತು ಸಿಎನ್‌ಸಿ ಯಂತ್ರಗಳನ್ನು ನಡೆಸುವ ಸಣ್ಣ ಉದ್ಯಮಿಗಳು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಬಂದೂಕಿನ ಬಿಡಿಭಾಗವೂ ಕಾನೂನಿನ ಕಣ್ಣಿನಲ್ಲಿ ಬಂದೂಕೇ. ಪರಿಚಿತ ಗಿರಾಕಿ ಮುರಿದ ಭಾಗವೊಂದನ್ನು ತಂದು ಇದೇ ಅಳತೆಗೆ ಇನ್ನೊಂದು ಮಾಡಿಕೊಡಿ ಎಂದರೆ, ಕೆಲವು ನೂರು ರೂಪಾಯಿಗಳ ಆ ಕೂಲಿಗೆ ಇಡೀ ಕಾರ್ಖಾನೆಯನ್ನು ಪಣಕ್ಕಿಟ್ಟಂತೆ. ನಕ್ಷೆಯ ಉದ್ದೇಶ ತಿಳಿಯದ ಕೊಳವೆ, ಸ್ಪ್ರಿಂಗ್, ಪಿನ್ನುಗಳ ಕೆಲಸವನ್ನು ಲಿಖಿತ ಆದೇಶವಿಲ್ಲದೆ ಒಪ್ಪಿಕೊಳ್ಳದಿರುವುದು ಕ್ಷೇಮ.

ಇಟ್ಟುಕೊಂಡ ಮೇಲಿನ ಹೊಣೆ

ಮಾಲೀಕರ ಬಂದೂಕನ್ನು ರಾತ್ರಿ ಕಾವಲುಗಾರನ ಕೈಗೆ ಕೊಟ್ಟು ಮನೆಗೆ ತೆರಳುವ ರೂಢಿ ಅತ್ಯಂತ ಸಾಮಾನ್ಯವಾದ ತಪ್ಪು. ರಿಪೇರಿ, ಪರವಾನಗಿ ನವೀಕರಣ ಅಥವಾ ಮಾಲೀಕರ ಸ್ವಂತ ಬಳಕೆಗಾಗಿ, ಅವರ ಸಮ್ಮುಖದಲ್ಲಿ ಇಲ್ಲವೇ ಲಿಖಿತ ಅಧಿಕಾರದ ಮೇಲೆ ಬೇರೊಬ್ಬರು ಒಯ್ಯಬಹುದೇ ಹೊರತು, ಕಾವಲಿಗೆಂದು ಹಾಗೆಯೇ ವಹಿಸಿಬಿಡುವಂತಿಲ್ಲ. ಮದನಪಲ್ಲಿ, ಹಿಂದೂಪುರಗಳ ಕಡೆಗೆ ವ್ಯಾಪಾರಕ್ಕೆ ತೆರಳುವವರು ಗಡಿ ದಾಟುವ ಮುನ್ನ ಪರವಾನಗಿಯಲ್ಲಿ ನಮೂದಾಗಿರುವ ಪ್ರದೇಶವ್ಯಾಪ್ತಿಯನ್ನು ಓದಿಕೊಳ್ಳಬೇಕು. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಸುರಕ್ಷತೆಗೆ ಧಕ್ಕೆ ತಂದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಉಂಟು. ಚುನಾವಣಾ ಕಾಲದಲ್ಲಿ ಜಿಲ್ಲಾಡಳಿತ ಆದೇಶಿಸಿದಾಗ ಆಯುಧವನ್ನು ಠೇವಣಿಯಿಟ್ಟು ರಸೀದಿ ಪಡೆಯಬೇಕು. ಬೆಳೆ ರಕ್ಷಣೆಯ ಪರವಾನಗಿಯು ಬೇಟೆಯ ಅನುಮತಿಯಲ್ಲ. ನವಿಲಾದಿಯಾಗಿ ವನ್ಯಜೀವಿಗಳಿಗೆ 1972ರ ಕಾಯ್ದೆಯ ರಕ್ಷಣೆ ಇದೆ.

ಕಡೆಯದಾಗಿ, ಬಂದೂಕು ಕೊಳ್ಳುವ ಮುನ್ನ ಅದರ ಅಗತ್ಯವನ್ನೇ ಲೆಕ್ಕ ಹಾಕುವುದು ವ್ಯಾಪಾರಿ ಬುದ್ಧಿಗೆ ಒಪ್ಪುವ ಮಾತು. ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿಸುವುದು, ಗೋದಾಮಿಗೆ ಕ್ಯಾಮೆರಾ ಮತ್ತು ಒಳ್ಳೆಯ ಬೀಗ, ಸಾಗಾಟಕ್ಕೆ ವಿಮೆ, ಇಬ್ಬರು ಮೂವರು ವರ್ತಕರು ಕೂಡಿ ಪ್ರಯಾಣಿಸುವುದು ಇವು ಕಡಿಮೆ ಖರ್ಚಿನಲ್ಲಿ ಹೆಚ್ಚು ಭದ್ರತೆ ನೀಡುತ್ತವೆ. ಇಷ್ಟಾದ ಮೇಲೂ ಅಪಾಯ ಉಳಿದಿದೆ ಎನಿಸಿದವರು ಸೂಕ್ತ ಕಾರಣ, ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಿ, ಸಾಧಾರಣ ತೋಟಾ ಕೋವಿಯೊಂದನ್ನು ಪಡೆದು, ಅದನ್ನು ಕಾರ್ಖಾನೆಯಿಂದ ಬಂದ ರೂಪದಲ್ಲಿಯೇ ಉಳಿಸಿಕೊಂಡು, ಬೀಗದೊಳಗೆ ಇಡುವುದು ವಿವೇಕದ ಮಾರ್ಗ.