ಸಮೀಪ ಛಾಯಾಗ್ರಹಣದಲ್ಲಿ ಎರಡನೆಯ ಕ್ಯಾಮೆರಾ

ಮ್ಯಾಕ್ರೊ ಛಾಯಾಗ್ರಹಣ ಎಂದೂ ಕರೆಯಲಾಗುವ ಸಮೀಪ ಛಾಯಾಗ್ರಹಣದಲ್ಲಿ ಎರಡನೆಯ ಕ್ಯಾಮೆರಾ ಎಂದರೆ ಮುಖ್ಯ ಕ್ಯಾಮೆರಾದ ಜೊತೆಗೆ ಒಯ್ಯಲಾಗುವ, ಲೆನ್ಸ್ ಬದಲಾಯಿಸಬಹುದಾದ ಮತ್ತೊಂದು ಕ್ಯಾಮೆರಾ ಬಾಡಿ. ಮುಖ್ಯ ಕ್ಯಾಮೆರಾ ಕೆಟ್ಟಾಗ ನೆರವಾಗುವುದು ಇದರ ಒಂದು ಉಪಯೋಗ. ಧೂಳು ಹೆಚ್ಚಿರುವ ಪ್ರದೇಶಗಳಲ್ಲಿ ಇದಕ್ಕಿಂತ ಮುಖ್ಯವಾದ ಉಪಯೋಗ ಇನ್ನೊಂದಿದೆ: ಒಂದು ಬಾಡಿಯಲ್ಲಿ ಮ್ಯಾಕ್ರೊ ಲೆನ್ಸನ್ನೂ ಇನ್ನೊಂದರಲ್ಲಿ ಸಾಮಾನ್ಯ ಲೆನ್ಸನ್ನೂ ಸದಾ ಜೋಡಿಸಿಟ್ಟರೆ ಬಯಲಿನಲ್ಲಿ ಲೆನ್ಸ್ ಬದಲಾಯಿಸುವ ಪ್ರಸಂಗವೇ ಬರುವುದಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪರಿಸರ ಇದಕ್ಕೆ ಉತ್ತಮ ಉದಾಹರಣೆಯಾಗಿದೆ.

ಪ್ರಾದೇಶಿಕ ಹಿನ್ನೆಲೆ

ಈ ಪ್ರದೇಶದ ಬಹುಭಾಗ ಭೀಮಾ ಜಲಾನಯನದ ಸುಣ್ಣಕಲ್ಲಿನ ಮೇಲೆ ನಿಂತಿದೆ. ನೆಲಹಾಸಿಗೆ ಬಳಸುವ ಶಹಾಬಾದ್ ಕಲ್ಲು, ಅಂದರೆ ಫರ್ಸಿ, ಇಲ್ಲಿಯ ಗಣಿಗಳಿಂದ ಬರುತ್ತದೆ. ವಾಡಿ, ಸೇಡಂ ಮತ್ತು ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೂ ಇದೇ ಸುಣ್ಣಕಲ್ಲು ಕಚ್ಚಾವಸ್ತು. ಹೀಗಾಗಿ ಬೇಸಿಗೆಯ ರಸ್ತೆಧೂಳಿನೊಂದಿಗೆ ಕಲ್ಲಿನ ಮತ್ತು ಸಿಮೆಂಟಿನ ಸಣ್ಣ ಪುಡಿಯೂ ಗಾಳಿಯಲ್ಲಿ ಸೇರುತ್ತದೆ.

ಸಮೀಪ ಛಾಯಾಗ್ರಹಣಕ್ಕೆ ಇಲ್ಲಿ ಮೂರು ಬಗೆಯ ವಸ್ತುಗಳು ದೊರೆಯುತ್ತವೆ. ಮೊದಲನೆಯದು ಶಿಲ್ಪ ಮತ್ತು ಶಾಸನ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯ ಸಂಕೀರ್ಣದ ಕಾಳಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನವಿರುವ ಕಲ್ಲು ಬೆಳಕಿಗೆ ಬಂತು. ಸಮೀಪದ ಕನಗನಹಳ್ಳಿಯ ಸ್ತೂಪದ ಸುಣ್ಣಕಲ್ಲಿನ ಫಲಕವೊಂದರಲ್ಲಿ ಅಶೋಕನ ಶಿಲ್ಪವೂ ಅವನ ಹೆಸರನ್ನು ಹೇಳುವ ಬ್ರಾಹ್ಮೀ ಬರಹವೂ ಇವೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಎರಡನೆಯದು ತೊಗರಿ ಹೊಲದ ಕೀಟಗಳು. ಮೂರನೆಯದು 2011ರಲ್ಲಿ ಘೋಷಿತವಾದ ಚಿಂಚೋಳಿ ವನ್ಯಜೀವಿಧಾಮದ ಒಣ ಎಲೆಯುದುರುವ ಕಾಡಿನ ಹೂವು, ಕೀಟ ಮತ್ತು ಜೇಡಗಳು.

ಧೂಳು ಮತ್ತು ದ್ಯುತಿರಂಧ್ರ

ಸೆನ್ಸರಿನ ಮೇಲಿರುವ ಗಾಜಿನ ಪದರದ ಮೇಲೆ ಧೂಳಿನ ಕಣ ಕುಳಿತರೆ ಅದರ ನೆರಳು ಚಿತ್ರದಲ್ಲಿ ಕಪ್ಪು ಚುಕ್ಕೆಯಾಗಿ ಮೂಡುತ್ತದೆ. ದ್ಯುತಿರಂಧ್ರ ದೊಡ್ಡದಿದ್ದಾಗ ನೆರಳು ಹರಡಿ ಕಾಣದಾಗುತ್ತದೆ. ಕಿರಿದಾದಂತೆ ಚುಕ್ಕೆ ಸ್ಪಷ್ಟವಾಗುತ್ತದೆ. ಸಮೀಪ ಛಾಯಾಗ್ರಹಣದಲ್ಲಿ ಎರಡು ಕಾರಣಗಳಿಂದ ದ್ಯುತಿರಂಧ್ರ ಕಿರಿದಾಗುತ್ತದೆ.

ಒಂದನೆಯದಾಗಿ, ಸ್ಪಷ್ಟತೆಯ ಆಳ ಬಹಳ ಕಡಿಮೆ. 36×24 ಮಿ.ಮೀ. ಅಳತೆಯ ಪೂರ್ಣ ಚೌಕಟ್ಟಿನ ಸೆನ್ಸರಿನಲ್ಲಿ, 1:1 ವರ್ಧನೆಯಲ್ಲಿ, ಎಫ್/8ಕ್ಕೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿ.ಮೀ. ಮಾತ್ರ. ಆದ್ದರಿಂದ ಛಾಯಾಗ್ರಾಹಕರು ಎಫ್/11 ಅಥವಾ ಎಫ್/16ಕ್ಕೆ ಹೋಗುತ್ತಾರೆ. ಎರಡನೆಯದಾಗಿ, ವರ್ಧನೆ ಹೆಚ್ಚಿದಂತೆ ಪರಿಣಾಮಿ ದ್ಯುತಿರಂಧ್ರ ಮತ್ತಷ್ಟು ಕಿರಿದಾಗುತ್ತದೆ. ಎಫ್ ಸಂಖ್ಯೆಯನ್ನು ವರ್ಧನೆಗೆ ಒಂದನ್ನು ಕೂಡಿಸಿ ಗುಣಿಸಿದರೆ ಅದರ ಅಂದಾಜು ಸಿಗುತ್ತದೆ: 1:1ರಲ್ಲಿ ಎಫ್/11 ಎಂಬುದು ಪರಿಣಾಮದಲ್ಲಿ ಎಫ್/22. ದೂರದ ದೃಶ್ಯದಲ್ಲಿ ಕಾಣದ ಕಣವೂ ಇಲ್ಲಿ ಕಾಣುತ್ತದೆ. ಫೋಕಸನ್ನು ಸ್ವಲ್ಪಸ್ವಲ್ಪವೇ ಸರಿಸಿ ತೆಗೆದ ಹಲವು ಚಿತ್ರಗಳನ್ನು ಒಂದಾಗಿ ಹೊಂದಿಸುವಾಗ ಒಂದೇ ಕಣ ಚುಕ್ಕೆಗಳ ಸಾಲಾಗಿ ಬಿಡುವುದೂ ಉಂಟು.

ಶಾಸನದ ಚಿತ್ರದಲ್ಲಿ ಇದು ಕೇವಲ ಅಂದಗೇಡಿನ ವಿಷಯವಲ್ಲ. ಅಶೋಕನ ಕಾಲದ ಬ್ರಾಹ್ಮಿಯಲ್ಲಿ ಅನುಸ್ವಾರ ಒಂದು ಬಿಂದು. ಬರಿಯ ವೃತ್ತ ‘ಠ’ಕಾರ, ನಡುವೆ ಬಿಂದುವಿರುವ ವೃತ್ತ ‘ಥ’ಕಾರ. ಸೆನ್ಸರಿನ ಧೂಳು ಇಂತಹ ಬಿಂದುವಿನಂತೆ ಕಂಡರೆ ಚಿತ್ರವನ್ನು ಮಾತ್ರ ನೋಡಿ ಓದುವವರು ತಪ್ಪಬಹುದು. ಧೂಳಿನ ಚುಕ್ಕೆ ಚೌಕಟ್ಟಿನ ಒಂದೇ ಜಾಗದಲ್ಲಿ ಉಳಿಯುತ್ತದೆ, ಕಲ್ಲಿನ ಬಿಂದು ಕಲ್ಲಿನೊಡನೆ ಸರಿಯುತ್ತದೆ. ಆದ್ದರಿಂದ ಕ್ಯಾಮೆರಾವನ್ನು ತುಸು ಸರಿಸಿ ಇನ್ನೊಂದು ಚಿತ್ರ ತೆಗೆಯುವುದು, ಸಾಧ್ಯವಾದರೆ ಎರಡನೆಯ ಬಾಡಿಯಿಂದಲೂ ತೆಗೆಯುವುದು ಸುರಕ್ಷಿತ ಕ್ರಮ.

ಮೌಂಟ್ ಹೊಂದಾಣಿಕೆ

ಎರಡನೆಯ ಬಾಡಿಯ ಆಯ್ಕೆಯಲ್ಲಿ ಮೊದಲು ಪರಿಶೀಲಿಸಬೇಕಾದುದು ಲೆನ್ಸ್ ಕೂಡುವ ಮೌಂಟ್. ಮುಖ್ಯ ಬಾಡಿ ಕೆಟ್ಟರೆ ಮ್ಯಾಕ್ರೊ ಲೆನ್ಸ್ ಎರಡನೆಯದಕ್ಕೆ ಕೂಡಬೇಕು. ಒಂದೇ ಕಂಪನಿಯ ಹೆಸರಿದ್ದ ಮಾತ್ರಕ್ಕೆ ಇದು ಖಚಿತವಾಗುವುದಿಲ್ಲ.

- ಕ್ಯಾನನ್: 1987ರಲ್ಲಿ ಬಂದ ಇಎಫ್ ಲೆನ್ಸುಗಳು 2018ರ ಆರ್‌ಎಫ್ ಮೌಂಟಿಗೆ ಅಡಾಪ್ಟರ್ ಮೂಲಕ ಕೂಡಿ ಸ್ವಯಂಚಾಲಿತ ಫೋಕಸನ್ನೂ ಉಳಿಸಿಕೊಳ್ಳುತ್ತವೆ. ಆದರೆ ಇಎಫ್-ಎಸ್ 60 ಮಿ.ಮೀ. ಮ್ಯಾಕ್ರೊ ಲೆನ್ಸ್ ಪೂರ್ಣ ಚೌಕಟ್ಟಿನ ಇಎಫ್ ಬಾಡಿಗೆ ಕೂಡುವುದಿಲ್ಲ.
- ನಿಕಾನ್: 1959ರಿಂದ ಇರುವ ಎಫ್ ಮೌಂಟಿನ ಲೆನ್ಸುಗಳನ್ನು 2018ರ ಝಡ್ ಮೌಂಟಿಗೆ ಎಫ್‌ಟಿಝಡ್ ಅಡಾಪ್ಟರ್ ಕೂಡಿಸುತ್ತದೆ. ಅದರಲ್ಲಿ ಫೋಕಸ್ ಮೋಟಾರು ಇಲ್ಲದ ಕಾರಣ, ಬಾಡಿಯ ಮೋಟಾರನ್ನು ಅವಲಂಬಿಸಿದ ಹಳೆಯ ಎಎಫ್-ಡಿ ಲೆನ್ಸುಗಳಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿಯೂ ಇದೇ ಸ್ಥಿತಿ.

ಬೇರೆ ಬೇರೆ ಕಂಪನಿಯ ಎರಡು ಬಾಡಿ ಇಟ್ಟುಕೊಂಡರೆ ಇನ್ನೊಂದು ತೊಡಕಿದೆ. ಮ್ಯಾಕ್ರೊ ಲೆನ್ಸನ್ನು ಹತ್ತಿರಕ್ಕೆ ಫೋಕಸ್ ಮಾಡಿದಾಗ ನಿಕಾನ್ ಬಾಡಿಗಳು ಪರಿಣಾಮಿ ಎಫ್ ಸಂಖ್ಯೆಯನ್ನು ತೋರಿಸುತ್ತವೆ. ಕ್ಯಾನನ್ ಬಾಡಿಗಳು ಬಳಕೆದಾರರು ಆರಿಸಿದ ಸಂಖ್ಯೆಯನ್ನೇ ತೋರಿಸುತ್ತವೆ. ಒಂದೇ ಸಂಖ್ಯೆಯನ್ನು ಎರಡರಲ್ಲೂ ಇಟ್ಟರೆ ಫಲಿತಾಂಶ ಒಂದೇ ಆಗುವುದಿಲ್ಲ. ಒಂದೇ ಬಗೆಯ ಬ್ಯಾಟರಿ, ಮೆಮೊರಿ ಕಾರ್ಡ್ ಮತ್ತು ಫ್ಲ್ಯಾಶ್ ಎರಡರಲ್ಲೂ ಬಳಕೆಯಾಗುವುದು ಪ್ರಯಾಣದಲ್ಲಿ ಅನುಕೂಲ.

ಸೆನ್ಸರಿನ ಗಾತ್ರ

ವರ್ಧನೆ ಎಂದರೆ ಸೆನ್ಸರಿನ ಮೇಲೆ ಬೀಳುವ ಬಿಂಬದ ಗಾತ್ರಕ್ಕೂ ವಸ್ತುವಿನ ಗಾತ್ರಕ್ಕೂ ಇರುವ ಅನುಪಾತ. ಅದನ್ನು ನಿರ್ಧರಿಸುವುದು ಲೆನ್ಸ್. ಸೆನ್ಸರಿನ ಗಾತ್ರ ಚೌಕಟ್ಟಿನೊಳಗೆ ಎಷ್ಟು ಭಾಗ ಸೇರುತ್ತದೆ ಎಂಬುದನ್ನು ನಿರ್ಧರಿಸುತ್ತದೆ. 1:1ರಲ್ಲಿ ಪೂರ್ಣ ಚೌಕಟ್ಟಿನ ಬಾಡಿ 36 ಮಿ.ಮೀ. ಅಗಲದ ಭಾಗವನ್ನು, ಎಪಿಎಸ್-ಸಿ ಬಾಡಿ ಸುಮಾರು 23.5 ಮಿ.ಮೀ. ಅಗಲದ ಭಾಗವನ್ನು ತುಂಬಿಕೊಳ್ಳುತ್ತದೆ. ಕ್ಯಾನನ್ನಿನ ಎಪಿಎಸ್-ಸಿ ಇದಕ್ಕಿಂತ ತುಸು ಚಿಕ್ಕದು.

ತೊಗರಿಯ ಕಾಯಿಕೊರಕ ಹುಳುವಿನ ಪತಂಗ ಇಡುವ ಮೊಟ್ಟೆಯ ವ್ಯಾಸ ಸುಮಾರು 0.5 ಮಿ.ಮೀ. ಎರಡೂ ಬಾಡಿಗಳು 24 ಮೆಗಾಪಿಕ್ಸೆಲಿನವಾಗಿದ್ದು ಚಿತ್ರದ ಅಗಲ 6000 ಪಿಕ್ಸೆಲ್ ಇದ್ದರೆ, 1:1ರಲ್ಲಿ ಮೊಟ್ಟೆ ಪೂರ್ಣ ಚೌಕಟ್ಟಿನಲ್ಲಿ ಸುಮಾರು 83 ಪಿಕ್ಸೆಲ್, ಎಪಿಎಸ್-ಸಿಯಲ್ಲಿ ಸುಮಾರು 128 ಪಿಕ್ಸೆಲ್ ಅಗಲವಾಗಿ ಮೂಡುತ್ತದೆ. ಈ ಕಾರಣದಿಂದ ಕಡಿಮೆ ಬೆಲೆಯ ಎಪಿಎಸ್-ಸಿ ಬಾಡಿ ಕೀಟಗಳ ಕೆಲಸಕ್ಕೆ ಹಿಂದೆ ಬೀಳುವುದಿಲ್ಲ. ಶಿಲ್ಪಫಲಕದಂತಹ ದೊಡ್ಡ ವಸ್ತುವನ್ನು ಇಕ್ಕಟ್ಟಾದ ಜಾಗದಲ್ಲಿ ಪೂರ್ತಿಯಾಗಿ ಹಿಡಿಯಲು ಪೂರ್ಣ ಚೌಕಟ್ಟು ಅನುಕೂಲ.

ಪಿಕ್ಸೆಲ್‌ಗಳ ಸಂಖ್ಯೆಗೆ ಮಿತಿಯೊಂದಿದೆ. ಕಿರಿದಾದ ರಂಧ್ರದ ಮೂಲಕ ಬೆಳಕು ಹಾಯುವಾಗ ವಿವರ್ತನೆಯಿಂದ ಹರಡುತ್ತದೆ. ಪರಿಣಾಮಿ ಎಫ್/16ರಲ್ಲಿ ಒಂದು ಬೆಳಕಿನ ಬಿಂದು ಸುಮಾರು 0.021 ಮಿ.ಮೀ. ವ್ಯಾಸದ ಬಿಲ್ಲೆಯಾಗುತ್ತದೆ. 24 ಮೆಗಾಪಿಕ್ಸೆಲಿನ ಎಪಿಎಸ್-ಸಿ ಸೆನ್ಸರಿನ ಪಿಕ್ಸೆಲ್ ಸುಮಾರು 0.004 ಮಿ.ಮೀ. ಇರುವುದರಿಂದ ಆ ಬಿಲ್ಲೆ ಐದು ಪಿಕ್ಸೆಲ್‌ಗಳಷ್ಟು ಅಗಲಕ್ಕೆ ಹರಡುತ್ತದೆ. ಇಂತಹ ಸ್ಥಿತಿಯಲ್ಲಿ ಹೆಚ್ಚು ಮೆಗಾಪಿಕ್ಸೆಲಿಗೆ ಹಣ ಕೊಡುವುದರಿಂದ ಹೆಚ್ಚಿನ ವಿವರ ದೊರೆಯುವುದಿಲ್ಲ.

ಕಂಪನ ಮತ್ತು ಶಟರ್

1:1ರಲ್ಲಿ ವಸ್ತುವಿನೊಡನೆ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ. ಡಿಎಸ್‌ಎಲ್‌ಆರ್ ಬಾಡಿಯಲ್ಲಿ ಕನ್ನಡಿ ಮೇಲೇಳುವ ಹೊಡೆತದಿಂದ ಚಿತ್ರ ಅಲುಗದಂತೆ ಅದನ್ನು ಮೊದಲೇ ಎತ್ತಿ ನಿಲ್ಲಿಸುವ ಸೌಲಭ್ಯ ಇರಬೇಕು. ಮಿರರ್‌ಲೆಸ್ ಬಾಡಿಯಲ್ಲಿ ಈ ಹೊಡೆತವಿಲ್ಲ. ಪೂರ್ಣ ಎಲೆಕ್ಟ್ರಾನಿಕ್ ಶಟರ್ ಕಂಪನರಹಿತವಾದರೂ ಬಹಳಷ್ಟು ಮಾದರಿಗಳಲ್ಲಿ ಆಗ ಫ್ಲ್ಯಾಶ್ ಬಳಸಲಾಗದು. ಗಾಳಿಗೆ ಅಲುಗುವ ತೊಗರಿ ಹೂವಿನಂತಹ ವಸ್ತುವಿನ ಆಕಾರವೂ ಓರೆಯಾಗಬಹುದು. ನೆಲಕ್ಕೆ ಸಮೀಪದ ವಸ್ತುಗಳಿಗೆ ಮಡಚಬಲ್ಲ ಪರದೆ ಉಪಯುಕ್ತ.

ಬಳಸಿದ ಬಾಡಿಯ ಪರೀಕ್ಷೆ

ಎರಡನೆಯ ಬಾಡಿಯನ್ನು ಹಲವರು ಬಳಸಿದ್ದನ್ನೇ ಕೊಳ್ಳುತ್ತಾರೆ. ಆಗ ಕೆಳಗಿನ ಅಂಶಗಳನ್ನು ಪರೀಕ್ಷಿಸಬಹುದು.

- ಎಫ್/16 ಅಥವಾ ಎಫ್/22ಕ್ಕೆ ಇಟ್ಟು, ಫೋಕಸ್ ಕೆಡಿಸಿ, ಬರಿಯ ಆಕಾಶ ಅಥವಾ ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಧೂಳು ಕಾಣುತ್ತದೆ. ಶುಚಿ ಮಾಡಿದ ಮೇಲೂ ಅದೇ ಜಾಗದಲ್ಲಿ ಉಳಿಯುವ ಗುರುತು ಗೀರು ಆಗಿರಬಹುದು.
- ಶಟರ್ ಎಷ್ಟು ಸಲ ಚಲಿಸಿದೆ ಎಂಬ ಎಣಿಕೆ.
- ಗುಂಡಿಗಳು ಮತ್ತು ಚಕ್ರಗಳು ಧೂಳಿನಿಂದ ಬಿಗಿಯಾಗಿಲ್ಲವೆಂಬುದು.
- ಮೌಂಟಿನ ಲೋಹದ ಸವೆತ ಮತ್ತು ವಿದ್ಯುತ್ ಸ್ಪರ್ಶಬಿಂದುಗಳ ಸ್ಥಿತಿ.
- ಫ್ಲ್ಯಾಶ್ ಕೂರುವ ಜಾಗದ ಬಿಗಿತ.

ನಿರ್ವಹಣೆ

ಲೆನ್ಸ್ ಬದಲಾಯಿಸಲೇಬೇಕಾದರೆ ಮುಚ್ಚಿದ ಕೋಣೆಯಲ್ಲಿ ಅಥವಾ ಕಿಟಕಿ ಏರಿಸಿದ ವಾಹನದಲ್ಲಿ, ಬಾಡಿಯ ಬಾಯಿಯನ್ನು ಕೆಳಮುಖವಾಗಿ ಹಿಡಿದು ಬದಲಾಯಿಸುವುದು ರೂಢಿ. ಮಿರರ್‌ಲೆಸ್ ಬಾಡಿಯಲ್ಲಿ ಸೆನ್ಸರಿನ ಮುಂದೆ ಕನ್ನಡಿ ಇರುವುದಿಲ್ಲ. ಕ್ಯಾಮೆರಾ ಆರಿಸಿದಾಗ ಶಟರ್ ಮುಚ್ಚಿಕೊಳ್ಳುವ ಮಾದರಿಗಳು ಈ ದೃಷ್ಟಿಯಿಂದ ಮೇಲು. ಸಿಮೆಂಟ್ ಪುಡಿ ತೇವ ತಗುಲಿದರೆ ಗಟ್ಟಿಯಾಗುತ್ತದೆ. ರಸ್ತೆಧೂಳಿನಲ್ಲಿರುವ ಕ್ವಾರ್ಟ್ಸ್ ಗಾಜಿಗಿಂತ ಗಡಸು. ಆದ್ದರಿಂದ ಒರೆಸುವ ಮೊದಲು ಕೈಬ್ಲೋವರಿನಿಂದ ಪುಡಿಯನ್ನು ಊದಿ ತೆಗೆಯಬೇಕು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಭಾಗದಲ್ಲಿ, ಬಳಸದಿರುವ ಬಾಡಿಯನ್ನು ನಿಲ್ಲಿಸಿದ ವಾಹನದೊಳಗೆ ಬಿಡದೆ ನೆರಳಿನಲ್ಲಿಡುವುದು ಅಗತ್ಯ.

ಅನುಮತಿ

ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮುಂಗಡ ಅನುಮತಿ ಬೇಕಾಗುತ್ತದೆ. ವನ್ಯಜೀವಿಧಾಮದ ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಟ್ರೈಪಾಡ್ ಇಲ್ಲದೆ ಕೈಯಲ್ಲೇ ಹಿಡಿದು ತೆಗೆಯಬೇಕಾಗಬಹುದಾದ ಸ್ಥಳಗಳಿಗೆ ಎರಡನೆಯ ಬಾಡಿಯನ್ನು ಆರಿಸುವಾಗ ಹಗುರವಾದ, ಹೆಚ್ಚಿನ ಐಎಸ್‌ಒದಲ್ಲಿಯೂ ಸ್ವಚ್ಛ ಚಿತ್ರ ಕೊಡುವ ಮಾದರಿ ಹೆಚ್ಚು ಉಪಯುಕ್ತವಾಗುತ್ತದೆ.