ಯುಕ್ತಿಯೂ ಆಚಾರವೂ

ದೇವರಿದ್ದಾನೆಯೇ ಇಲ್ಲವೇ ಎಂಬ ವಾದವನ್ನು ಮಧುಗಿರಿಯ ಸಂತೆಯಲ್ಲಿ ಎತ್ತಿದರೆ ಕೇಳಿದವರು ನಕ್ಕು ಮುಂದೆ ಹೋಗುವರು. ಶಿರಾ, ಕೊರಟಗೆರೆ, ಪಾವಗಡಗಳಲ್ಲಿಯೂ ಅಷ್ಟೆ. ಮುಗಿಲನ್ನು ನೋಡಿ ಬದುಕತಕ್ಕ ರೈತಾಪಿ ಜನಕ್ಕೆ ಅಂತಹ ತರ್ಕಕ್ಕೆ ಬಿಡುವಿಲ್ಲ. ಆದರೆ ದೇವರ ಹೆಸರಿನಲ್ಲಿ ಮನುಷ್ಯರು ಏನನ್ನು ಮಾಡಬಹುದು, ಏನನ್ನು ಮಾಡಕೂಡದು ಎಂಬ ಪ್ರಶ್ನೆಗೆ ಬಿಡುವು ಮಾಡಿಕೊಳ್ಳದೆ ವಿಧಿಯಿಲ್ಲ.

2023ನೆಯ ಇಸವಿ ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆಯದೇ ಆದ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಹೆತ್ತು ಬಂದ ತಾಯಿಯನ್ನು ಸೂತಕದ ನಿಮಿತ್ತ ಹಟ್ಟಿಯ ಹೊರಗಣ ಗುಡಿಸಲಿನಲ್ಲಿ ಇರಿಸಿದರು. ಅದು ಮಳೆಗಾಲ. ಎಳೆಗೂಸು ತೀರಿಕೊಂಡಿತು; ಮೊಕದ್ದಮೆ ದಾಖಲಾಯಿತು. ಕಾಡುಗೊಲ್ಲರ ಹಟ್ಟಿಗಳು ಶಿರಾ, ಮಧುಗಿರಿ, ಪಾವಗಡಗಳಲ್ಲಿಯೂ ಇರುತ್ತವೆ. ಮುಟ್ಟಾದವರನ್ನೂ ಬಾಣಂತಿಯರನ್ನೂ ಹೊರಗಿಡುವ ಆಚಾರವು ಎಲ್ಲೆಡೆಯೂ ಒಂದೇ ಸಮನಾಗಿ ನಡೆಯುತ್ತಿಲ್ಲವಾದರೂ, ಸೂತಕವು ಹಟ್ಟಿಯನ್ನು ಸೋಕಿದರೆ ದೈವವು ಮುನಿಯುವುದೆಂಬ ಭಯವು ಇನ್ನೂ ಆರಿಲ್ಲ.

ಇದನ್ನು ಕೇಳಿ ಕಾಡುಗೊಲ್ಲರನ್ನು ಹಳಿಯಲು ಹೊರಡುವವರಿಗೆ ಒಂದು ಮಾತು. ಅವರು ಮೂಢರಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿರುವ ಜುಂಜಪ್ಪನ ಗುಡ್ಡೆಗೆ ನಡೆದುಕೊಳ್ಳುವ ಈ ಜನರು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಕಾವ್ಯಸಂಪತ್ತು ಯಾವ ಪಂಡಿತಮಂಡಲಿಗೂ ಕಡಿಮೆಯದಲ್ಲ. ಅದೂ ಅಲ್ಲದೆ, ಶಾಸ್ತ್ರ ಓದಿದವರ ಮನೆಗಳ ಹಿತ್ತಲಿನಲ್ಲಿಯೂ ಮೂರು ದಿನಗಳ ಕೋಣೆಯೊಂದು ಇರುತ್ತಿತ್ತಷ್ಟೆ? ಗುಡಿಸಲಿಗೂ ಅದಕ್ಕೂ ಇದ್ದ ಭೇದವು ಹಂಚಿನ ಮಾಡೊಂದೇ.

ದೇವರ ಭಯ ಹೋದರೆ ನಡತೆ ಕೆಡುವುದೆಂದು ಆಸ್ತಿಕರು ಹೇಳುವುದುಂಟು. ನಾವು ಕೇಳುವುದಿಷ್ಟೆ: ಆ ಗುಡಿಸಲನ್ನು ಕಟ್ಟಿದವರಲ್ಲಿ ದೇವರ ಭಯಕ್ಕೆ ಕೊರತೆ ಇತ್ತೇ? ಭಯವಿದ್ದುದರಿಂದಲೇ ಅಲ್ಲವೇ, ಕೂಸಿನ ಅಳುವನ್ನು ಕೇಳಿಯೂ ಬಾಗಿಲು ತೆರೆಯಲಿಲ್ಲ?

ಇನ್ನು ಆ ಭಯವಿಲ್ಲದೆ ಯುಕ್ತಿಯೊಂದನ್ನೇ ನೆಚ್ಚಿ ಬಾಳಿದವರ ನಡತೆ ಹೇಗಿತ್ತೆಂಬುದಕ್ಕೆ ನಿದರ್ಶನವು ದೂರದಲ್ಲಿಲ್ಲ. ಮಧುಗಿರಿಯ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡಕುಟುಂಬವೊಂದರಲ್ಲಿ ಜನಿಸಿದ ಡಾಕ್ಟರ್ ಎಚ್. ನರಸಿಂಹಯ್ಯನವರು ವಿದ್ಯೆಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದವರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು. ಅಮೆರಿಕೆಯ ಓಹಿಯೋದಲ್ಲಿ ಭೌತಶಾಸ್ತ್ರದ ಡಾಕ್ಟರೇಟನ್ನು ಪಡೆದು ಬಂದೂ ಖಾದಿಯನ್ನು ಬಿಡದೆ, ಅವಿವಾಹಿತರಾಗಿ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯೊಂದರಲ್ಲಿ ಕಾಲ ಕಳೆದವರು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವುದಕ್ಕೆ ಸಮಿತಿಯೊಂದನ್ನು ರಚಿಸಿದರು. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುವನೆಂದು ಹೆಸರಾಗಿದ್ದ ಬಾಲಕನ ವಿಭೂತಿಯು ಅಂಗಿಯೊಳಗಿನಿಂದ ಬರುತ್ತಿದ್ದುದನ್ನು ಈ ಸಮಿತಿಯವರು ಕಂಡುಹಿಡಿದರು. ನಮ್ಮ ಗಡಿಯಾಚೆಯ ಪುಟ್ಟಪರ್ತಿಯ ಶ್ರೀ ಸತ್ಯ ಸಾಯಿ ಬಾಬಾರವರಿಗೂ ಪರೀಕ್ಷೆಗೆ ಒಪ್ಪಬೇಕೆಂದು ಪತ್ರಗಳು ಹೋದುವು, ಒಪ್ಪಿಗೆ ಬರಲಿಲ್ಲ. ಅಂಗೈಯಲ್ಲಿ ಅಡಗುವ ಉಂಗುರವೇಕೆ, ಕುಂಬಳಕಾಯಿಯನ್ನು ಸೃಷ್ಟಿಸಲಿ ಎಂಬ ನರಸಿಂಹಯ್ಯನವರ ಹಾಸ್ಯವನ್ನು ನಾಡೆಲ್ಲ ಆಡಿಕೊಂಡಿತು. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ನಡತೆಯಲ್ಲಿ ಕುಂದನ್ನು ಹುಡುಕಿ ಸೋತವರೇ ಹೆಚ್ಚು.

ಇದು ಪರದೇಶದಿಂದ ಬಂದ ಸರಕೆಂದು ತಿಳಿಯಬೇಕಾದುದಿಲ್ಲ. ವಿಜಯನಗರದ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ ಸರ್ವದರ್ಶನಸಂಗ್ರಹವು ಆರಂಭವಾಗುವುದೇ ಚಾರ್ವಾಕದರ್ಶನದಿಂದ. ಖಂಡಿಸುವ ಮೊದಲು ಎದುರಾಳಿಯ ಮಾತನ್ನು ಪೂರ್ತಿ ಹೇಳಿಬಿಡುವ ಆ ಮರ್ಯಾದೆ ಇಂದಿನ ವಾದಿಗಳಲ್ಲಿ ಅಪರೂಪ.

ಪಾವಗಡದ ನೀರಿನ ಪ್ರಸಂಗವನ್ನು ನೋಡಿರಿ. ಶನೈಶ್ಚರನ ದೇವಾಲಯದಿಂದ ಹೆಸರಾದ ಆ ಊರಿನ ಸುತ್ತಣ ಹಳ್ಳಿಗಳಲ್ಲಿ ಹಲ್ಲು ಕಂದಿದ ಮಕ್ಕಳೂ ಮೂಳೆ ಬಾಗಿದ ಹಿರಿಯರೂ ಇದ್ದಾರೆ. ಶನಿಯ ಕಾಟವೆಂದರೆ ಕಾಟ, ಪೂರ್ವಕರ್ಮವೆಂದರೆ ಕರ್ಮ. ಅಲ್ಲಿಗೆ ಮಾತು ಮುಗಿಯುತ್ತದೆ. ಬಾವಿಯ ನೀರನ್ನು ಪರೀಕ್ಷಿಸಿದಾಗಲೇ ಕಾರಣ ತಿಳಿಯುವುದು: ಲೀಟರೊಂದಕ್ಕೆ 1.5 ಮಿಲಿಗ್ರಾಮನ್ನು ಮೀರಬಾರದ ಫ್ಲೋರೈಡು, ಬಂಡೆಯೊಳಗಿನ ಖನಿಜಗಳಿಂದ ಕರಗಿ ಕೊಳವೆಬಾವಿಗಳಿಗೆ ಇಳಿದಿರುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ಹರಕೆಗೂ ಹೋಗುವುದಿಲ್ಲ, ಶುದ್ಧೀಕರಣದ ಘಟಕದಲ್ಲಿ ಸೋಸಿದರೆ ಹೋಗುತ್ತದೆ. ಇಂದಿಗೂ ಶನಿವಾರ ಎಳ್ಳುದೀಪ ಹಚ್ಚಿದ ಗೃಹಿಣಿಯೇ ಬಿಂದಿಗೆ ಹಿಡಿದು ಆ ಘಟಕದ ಮುಂದೆ ನಿಲ್ಲುತ್ತಾಳೆ. ಅವಳನ್ನು ನಾಸ್ತಿಕಳೆಂದು ಯಾರೂ ಕರೆಯರು.

ನೀರಿನ ವಿಷಯದಲ್ಲಿ ಒಪ್ಪಿದ ವಿವೇಕವನ್ನು ಬಾಣಂತಿಯ ವಿಷಯದಲ್ಲಿ ಒಪ್ಪುವುದಕ್ಕೆ ಅಡ್ಡಿಯೇನು? ಕಾನೂನೇನೋ ಇದೆ. 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ಅನಿಷ್ಟ ಪದ್ಧತಿಗಳ ನಿರ್ಮೂಲನಾ ಅಧಿನಿಯಮವು ಮುಟ್ಟಾದ ಮತ್ತು ಗರ್ಭಿಣಿ ಸ್ತ್ರೀಯರನ್ನು ಪ್ರತ್ಯೇಕಿಸುವುದನ್ನು ಅಪರಾಧವೆಂದು ಸಾರಿದೆ. ಪೂಜೆ, ಯಾತ್ರೆ, ಪ್ರದಕ್ಷಿಣೆಗಳನ್ನು ಅದು ಮುಟ್ಟಿಲ್ಲ. ಆದರೆ ಅಧಿಕಾರಿಗಳು ಬಂದ ದಿನ ಕಿತ್ತ ಗುಡಿಸಲು ಅವರು ಹೋದ ಮೇಲೆ ಮರಳಿ ಏಳಬಲ್ಲುದು. ಅದನ್ನು ನಿಜವಾಗಿ ಕೀಳಬಲ್ಲವರು ಹಟ್ಟಿಯ ಪೂಜಾರಿಗಳೂ ಗೌಡರೂ, ಶಾಲೆಗೆ ಹೋಗಿ ಬಂದ ಅವರ ಹೆಣ್ಣುಮಕ್ಕಳೂ. ಒಂದು ಹಟ್ಟಿಯಲ್ಲಿ ಒಬ್ಬ ಹಿರಿಯನು ತನ್ನ ಸೊಸೆಯನ್ನು ಕೂಸಿನೊಡನೆ ನೇರವಾಗಿ ಮನೆಯೊಳಕ್ಕೆ ಕರೆದುಕೊಂಡು, ಆ ವರ್ಷದ ಮಳೆ ಬೆಳೆ ದನಕರುಗಳ ಲೆಕ್ಕವನ್ನು ಊರವರ ಮುಂದಿಟ್ಟು, ದೈವವು ಮುನಿಯಿತೋ ಇಲ್ಲವೋ ನೋಡಿಕೊಳ್ಳಿರೆಂದು ಹೇಳಲಿ. ಈ ಪರೀಕ್ಷೆಗೆ ಸಮಿತಿಯೂ ಬೇಡ, ಉಪಕುಲಪತಿಗಳೂ ಬೇಡ.