ರಾಕರ್ ಆರ್ಮಿನ ಕಂಚಿನ ಬುಶ್: ಸವೆತ ಮತ್ತು ಜೋಡಣೆ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಸಾಹಿತ್ಯ, ಇತಿಹಾಸಗಳನ್ನು ಕುರಿತು ಬರೆಯಬಲ್ಲ ಹಿರಿಯರು ಅನೇಕರಿದ್ದಾರೆ. ಅಕ್ಕಲಕೋಟ ಸೀಮೆಯಲ್ಲಿ ಇಂಜಿನ್ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡ ಹಳೆಯ ವಿದ್ಯಾರ್ಥಿಯಾದ ನಾನು, ಬಲ್ಲ ಒಂದು ಚಿಕ್ಕ ಬಿಡಿಭಾಗದ ವಿಷಯವನ್ನಷ್ಟೇ ಅರಿಕೆ ಮಾಡಿಕೊಳ್ಳುತ್ತೇನೆ. ಅದು ರಾಕರ್ ಆರ್ಮಿನೊಳಗಿನ ಕಂಚಿನ ಬುಶ್. ಅದರ ಬೆಲೆ ಅಲ್ಪ. ಆದರೆ ಉಳ್ಳಾಗಡ್ಡಿ ಗಡ್ಡೆ ಕಟ್ಟುವ ಹೊತ್ತಿಗೆ ಬಾವಿಯ ಮೇಲಿನ ಇಂಜಿನ್ ನಿಂತರೆ ಆಗುವ ಹಾನಿ ಅಲ್ಪವಲ್ಲ.

ರಾಕರ್ ಆರ್ಮ್ ಎಂಬುದು ಒಂದು ಸನ್ನೆಗೋಲು. ಅದರ ಒಂದು ತುದಿಯನ್ನು ಪುಶ್ ರಾಡ್ ಕೆಳಗಿನಿಂದ ಎತ್ತುತ್ತದೆ. ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತದೆ. ನಡುವಿನ ರಂಧ್ರದಲ್ಲಿ ಬುಶ್, ಬುಶ್ಶಿನೊಳಗೆ ಉಕ್ಕಿನ ಶಾಫ್ಟ್. ನಮ್ಮ ಕಡೆಯ ತೋಟಗಳಲ್ಲಿ ಹೆಸರಾದ ಲಿಸ್ಟರ್ ಮಾದರಿಯ ಇಂಜಿನ್ ನಿಮಿಷಕ್ಕೆ 650 ಸುತ್ತು ತಿರುಗಿದರೆ ಪ್ರತಿಯೊಂದು ರಾಕರ್ 325 ಸಲ ತೂಗುತ್ತದೆ. ಎಂಟು ಗಂಟೆ ನೀರು ಹಾಯಿಸಿದರೆ 1,56,000 ಸಲ!

ತಿರುಗುವ ಶಾಫ್ಟಿಗಿಂತ ತೂಗುವ ರಾಕರಿನ ಪಾಡು ಕಠಿಣವಾದದ್ದು. ಒಂದೇ ದಿಕ್ಕಿಗೆ ವೇಗವಾಗಿ ತಿರುಗುವ ಶಾಫ್ಟು ತನ್ನ ಸುತ್ತ ಎಣ್ಣೆಯ ಪದರವನ್ನು ತಾನೇ ಎಳೆದುಕೊಳ್ಳುತ್ತದೆ. ರಾಕರ್ ತುಸು ಹೊರಳಿ, ನಿಂತು, ಹಿಂದಿರುಗುವುದರಿಂದ ಆ ಪದರ ಪೂರ್ತಿಯಾಗಿ ಕಟ್ಟುವುದೇ ಇಲ್ಲ. ಮೇಲಾಗಿ ಒಂದು ತುದಿಯಲ್ಲಿ ಪುಶ್ ರಾಡ್, ಇನ್ನೊಂದು ತುದಿಯಲ್ಲಿ ವಾಲ್ವಿನ ಸ್ಪ್ರಿಂಗ್, ಎರಡೂ ರಾಕರನ್ನು ಮೇಲಕ್ಕೇ ನೂಕುತ್ತವೆ. ಹೀಗಾಗಿ ಭಾರವೆಲ್ಲ ಬುಶ್ಶಿನ ಕೆಳಮೈ ಮತ್ತು ಶಾಫ್ಟಿನ ಅಡಿಭಾಗದ ಮೇಲೆ ಬಿದ್ದು, ದುಂಡಗಿನ ರಂಧ್ರ ತತ್ತಿಯಾಕಾರ ತಾಳುತ್ತದೆ. ಮೇಲಿನಿಂದ ನೋಡಿ ‘ಶಾಫ್ಟು ಹೊಚ್ಚ ಹೊಸದರಂತಿದೆ’ ಎನ್ನುವವರು ಅದನ್ನು ಹೊರಳಿಸಿ ನೋಡಿರುವುದಿಲ್ಲ.

ಇಲ್ಲಿ ಕಂಚೇ ಏಕೆ? ಗಟ್ಟಿ ಉಕ್ಕಿಗೆ ಎದುರಾಗಿ ಮೆದು ಲೋಹವಿದ್ದರೆ ಅಗ್ಗದ ಬುಶ್ ಮೊದಲು ಸವೆದು ದುಬಾರಿ ಶಾಫ್ಟು ಉಳಿಯುತ್ತದೆ. ಗುಡಿಯ ಗಂಟೆಯೂ ಕಂಚೇ. ಆದರೆ ಅದರಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಮಿಕ್ಕಿ ತವರವಿರುವುದರಿಂದ ನಾದ ಹೆಚ್ಚು, ಪೆಡಸೂ ಹೆಚ್ಚು. ಬುಶ್ಶಿಗೆ ಹತ್ತರಷ್ಟು ತವರ ಸಾಕು. ಸಂತೆಯಲ್ಲಿ ಕಂಚೆಂದು ಹಿತ್ತಾಳೆಯನ್ನು ಮಾರುವವರೂ ಇದ್ದಾರೆ. ಅರದಿಂದ ಉಜ್ಜಿದಾಗ ಹಳದಿ ಹೊಳಪು ಕಂಡರೆ ಸಂದೇಹಪಡಬೇಕು. ಕಂಚಿನ ಬಣ್ಣ ಕೆಂಪಿಗೆ ತಿರುಗಿರುತ್ತದೆ. ಕಂಚಿಗೂ ಒಂದು ಶತ್ರುವಿದೆ: ನಮ್ಮ ಎರೆನೆಲದ ಬೇಸಿಗೆಯ ಧೂಳು. ಅದರ ಕಣಗಳು ಮೆದು ಕಂಚಿನಲ್ಲಿ ನಾಟಿಕೊಂಡು ಸಾಣೆಯಂತೆ ಶಾಫ್ಟನ್ನೇ ತೇಯುತ್ತವೆ. ಎಣ್ಣೆ ಬಿಡುವ ಮೊದಲು ರಂಧ್ರದ ಸುತ್ತ ಒರೆಸಿರೆಂದು ನಾನು ರೈತಬಾಂಧವರಿಗೆ ಹೇಳುವುದು ಇದಕ್ಕಾಗಿಯೇ.

ಟ್ಯಾಪೆಟ್ ಎಷ್ಟು ಸರಿಪಡಿಸಿದರೂ ಟಕಟಕ ಸದ್ದು ನಿಲ್ಲದಿದ್ದರೆ ಬುಶ್ಶನ್ನು ಪರೀಕ್ಷಿಸಬೇಕು. ವಾಲ್ವು ಮುಚ್ಚಿರುವಾಗ ರಾಕರನ್ನು ಹಿಡಿದು ಅಡ್ಡಡ್ಡ ಅಲುಗಾಡಿಸಿದರೆ ತಿಳಿಯುತ್ತದೆ. ಅದು ವಾಲುತ್ತಿದ್ದರೆ ವಾಲ್ವಿನ ಕಾಂಡವನ್ನು ಓರೆಯಾಗಿ ಒತ್ತಿ ಗೈಡನ್ನೂ ಕೆಡಿಸುತ್ತದೆ.

ಜೋಡಣೆಯಲ್ಲಿ ಮೊದಲ ಕೆಲಸ ಶಾಫ್ಟನ್ನು ಮೈಕ್ರೋಮೀಟರಿನಿಂದ ಅಳೆಯುವುದು. ಅಡಿಯಲ್ಲಿ ಮೆಟ್ಟಿಲು ಬಿದ್ದ ಶಾಫ್ಟಿಗೆ ಹೊಸ ಬುಶ್ ಹಾಕುವುದು ಹಣ ಕಳೆಯುವ ದಾರಿ. ಬುಶ್ಶಿನ ಹೊರ ಅಳತೆ ರಾಕರಿನ ರಂಧ್ರಕ್ಕಿಂತ ಒಂದೂವರೆಯಿಂದ ಮೂರು ಥೌ ದೊಡ್ಡದಿರಲಿ. ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗ. ರಾಕರಿನ ಎಣ್ಣೆರಂಧ್ರಕ್ಕೆ ಬುಶ್ಶಿನ ರಂಧ್ರ ಹೊಂದುವಂತೆ ಗೆರೆ ಹಾಕಿಕೊಂಡು, ವೈಸಿನಲ್ಲಿಟ್ಟು ನೇರವಾಗಿ ಒತ್ತಬೇಕು. ಸುತ್ತಿಗೆಯಿಂದ ಬಡಿದರೆ ಅಂಚು ಅರಳಿ ಬುಶ್ ಓರೆಯಾಗುತ್ತದೆ. ಸೀಳುಳ್ಳ ಬುಶ್ ಆಗಿದ್ದರೆ ಆ ಸೀಳು ಭಾರ ಬೀಳುವ ಕೆಳಬದಿಗೆ ಬರಕೂಡದು.

ಒತ್ತಿ ಕೂರಿಸಿದ ಬುಶ್ಶಿನ ಒಳರಂಧ್ರ ಕುಗ್ಗುತ್ತದೆ. ಅದನ್ನರಿಯದವರು ‘ಬುಶ್ ಬಿಗಿಯಾಯಿತು’ ಎಂದು ಶಾಫ್ಟನ್ನೇ ಎಮರಿ ಕಾಗದದಿಂದ ತಿಕ್ಕುವುದುಂಟು! ಸರಿಯಾದ ಕ್ರಮ ರೀಮರ್ ಹಾಯಿಸುವುದು. ಎಣ್ಣೆರಂಧ್ರವನ್ನು ನಾವೇ ಕೊರೆಯಬೇಕಿದ್ದರೆ ರೀಮರಿಗೆ ಮೊದಲೇ ಕೊರೆಯಬೇಕು. ಒಳಗೆ ಎದ್ದ ಮುಳ್ಳನ್ನು ರೀಮರ್ ತೆಗೆದುಬಿಡುತ್ತದೆ. ಮುಕ್ಕಾಲು ಅಂಗುಲದ ಶಾಫ್ಟಿಗೆ ಒಂದರಿಂದ ಎರಡು ಥೌ ಸಡಿಲು ಸಾಮಾನ್ಯ. ಆದರೂ ಆಯಾ ಇಂಜಿನ್ನಿನ ಕೈಪಿಡಿಯ ಅಳತೆಯೇ ಪ್ರಮಾಣ. ಬಳಿಕ ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಸವರಿ, ಶಾಫ್ಟಿಗೆ ಏರಿಸಿದಾಗ ರಾಕರ್ ತನ್ನ ತೂಕಕ್ಕೆ ತಾನೇ ಮೆಲ್ಲನೆ ಬಾಗಬೇಕು, ಅಡ್ಡಡ್ಡ ಅಲುಗಬಾರದು.

ಹೊಸ ಬುಶ್ ಕೂರಿಸಿದ ಮೇಲೆ ಟ್ಯಾಪೆಟ್ ಅಂತರವನ್ನು ಹೊಸದಾಗಿ ಇಡಬೇಕು. ಹತ್ತಾರು ಗಂಟೆ ಓಡಿಸಿ, ಇಂಜಿನ್ ಆರಿದ ಮೇಲೆ ಇನ್ನೊಮ್ಮೆ ಅಳೆದರೆ ಆ ಕೆಲಸ ಮುಗಿಯಿತು.